ಡಿಸ್ಕ್ ಸತ್ತ ಮೇಲಿನ 15 ಗಂಟೆ

ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಫೋಟೊ ಸ್ಟುಡಿಯೊ ಎಂದುಕೊಳ್ಳಿ. ಮದುವೆ ವಿಡಿಯೊ ಇಡಲು ಸರ್ವರಿಗೆ 8 ಟಿಬಿಯ 4 ಡಿಸ್ಕ್ ಬಂದಿವೆ. ಒಂದು ಸತ್ತರೂ ಡೇಟಾ ಉಳಿಯಲೆಂದು ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ಬಗೆಗೆ ರೇಡ್ ಎನ್ನುತ್ತಾರೆ; 5, 6, 10 ಅದರ ವಿಧಗಳು. ರೇಡ್ 5 ಮಾಡಿದರೆ 24 ಟಿಬಿ ಕೈಗೆ ಸಿಗುತ್ತದೆ. ರೇಡ್ 6 ಅಥವಾ 10 ಆದರೆ ಬರೀ 16. ಸುಮ್ಮನೆ 8 ಟಿಬಿ ಯಾಕೆ ಬಿಡಬೇಕೆಂದು ಎಲ್ಲರೂ 5ಕ್ಕೇ ಕೈ ಹಾಕುತ್ತಾರೆ.

ರೇಡ್ 5 ಕೆಲಸ ಮಾಡುವ ಬಗೆಯನ್ನು ಮಂಡ್ಯದ ಆಲೆಮನೆಯಲ್ಲೇ ನೋಡಬಹುದು. ಮೂರು ಪೆಟ್ಟಿಗೆಗಳಲ್ಲಿ 40, 55, 35 ಅಚ್ಚು ಬೆಲ್ಲ. ಪಕ್ಕದಲ್ಲಿ ‘130’ ಎಂದು ಬರೆದ ಚೀಟಿ. ಒಂದು ಪೆಟ್ಟಿಗೆ ಕಾಣೆಯಾದರೆ ಅದರಲ್ಲೆಷ್ಟಿತ್ತೆಂದು ಕಳೆದು ಹೇಳಬಹುದು. ಎರಡು ಕಾಣೆಯಾದರೆ ಚೀಟಿ ಕೆಲಸಕ್ಕೆ ಬಾರದು. ಡಿಸ್ಕಿನಲ್ಲಿ ಕೂಡಿಸುವ ಬದಲು ಎಕ್ಸಾರ್ ಎಂಬ ಲೆಕ್ಕ, ಚೀಟಿಯ ಹೆಸರು ಪ್ಯಾರಿಟಿ. ಅದು ನಾಲ್ಕೂ ಡಿಸ್ಕುಗಳಲ್ಲಿ ಸರದಿಯಂತೆ ಕೂರುತ್ತದೆ.

ಒಂದು ಡಿಸ್ಕ್ ಸತ್ತು ಹೊಸದನ್ನು ಹಾಕಿದಿರಿ. ಸೆಕೆಂಡಿಗೆ 150 ಎಂಬಿಯಂತೆ 8 ಟಿಬಿ ತುಂಬಲು ಸುಮಾರು 15 ಗಂಟೆ ಬೇಕು. ನಡುವೆ ಎಡಿಟಿಂಗೂ ನಡೆದರೆ ಇನ್ನೂ ಹೆಚ್ಚು. ಅಷ್ಟೂ ಹೊತ್ತು ಉಳಿದ ಮೂರು ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಅವೂ ಒಂದೇ ದಿನ ಕೊಂಡವು, ಅದೇ ಸೆಕೆಯಲ್ಲಿ ಬೆಂದವು. ನಡುವೆ ಇನ್ನೊಂದು ಸತ್ತರೆ ಎಲ್ಲಾ ಹೋಯಿತು, ಹಾಗಾಗಿ ಈ ಗಾತ್ರಕ್ಕೆ ರೇಡ್ 5 ಬೇಡ. ರೇಡ್ 6ರಲ್ಲಿ ಎರಡು ಪ್ಯಾರಿಟಿ, ಯಾವ ಎರಡು ಸತ್ತರೂ ಬದುಕುತ್ತೀರಿ. ರೇಡ್ 10ರಲ್ಲಿ ಪ್ರತಿ ಡಿಸ್ಕಿಗೂ ಅದೇ ಡೇಟಾ ಇರುವ ಒಂದು ಜೋಡಿ ಇರುತ್ತದೆ; ಸತ್ತದ್ದರ ಜೋಡಿ ಡಿಸ್ಕೊಂದನ್ನೇ ನಕಲಿಸಿದರೆ ಸಾಕು, ಆದರೆ ಆ ಜೋಡಿಯೂ ಕೈಕೊಟ್ಟರೆ ಎಲ್ಲಾ ಹೋಯಿತು.

ಬರೆಯುವ ವೇಗದ ಕಥೆ ಬೇರೆ. ಸಣ್ಣ ಬದಲಾವಣೆಗೆ ರೇಡ್ 5 ಹಳೆಯ ಡೇಟಾ, ಹಳೆಯ ಪ್ಯಾರಿಟಿ ಓದಿ ಎರಡನ್ನೂ ಮತ್ತೆ ಬರೆಯುತ್ತದೆ: 4 ಕೆಲಸ. ರೇಡ್ 6ಕ್ಕೆ 6, ರೇಡ್ 10ಕ್ಕೆ 2. ಹಾಗಾಗಿ ಬಿಲ್ಲಿಂಗ್ ಡೇಟಾಬೇಸಿಗೆ 10, ವಿಡಿಯೊಗೆ 6.

ಕೊಳ್ಳುವಾಗ ಡೇಟಾ ಗೆರೆಗಳು ಒಂದರ ಮೇಲೊಂದು ಹೊದ್ದಿರುವ ಎಸ್‌ಎಂಆರ್ ಡಿಸ್ಕ್ ಬಿಟ್ಟು, ಗೆರೆಗಳು ಬೇರೆ ಬೇರೆ ಇರುವ ಸಿಎಂಆರ್ ಕೇಳಿ; ಮೊದಲನೆಯದು ರೀಬಿಲ್ಡಿನಲ್ಲಿ, ಅಂದರೆ ಹೊಸ ಡಿಸ್ಕ್ ತುಂಬುವಾಗ, ತೆವಳುತ್ತದೆ. ಬರೆಯುವಾಗಲೇ ಕರೆಂಟ್ ಹೋದರೆ ಡೇಟಾಗೂ ಪ್ಯಾರಿಟಿಗೂ ತಾಳೆಯಾಗದು, ಯುಪಿಎಸ್ ಇರಲಿ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಎಲ್ಲಾ ಡಿಸ್ಕುಗಳನ್ನು ಓದಿ ತಾಳೆ ನೋಡುವ ಪರೀಕ್ಷೆ, ಓಡಿಸಿ. ತಪ್ಪಿ ಅಳಿಸಿದ ಫೈಲನ್ನು ಯಾವ ರೇಡೂ ತಂದುಕೊಡದು, ಬ್ಯಾಕಪ್ ಬೇರೆ ಕಡೆ ಇರಬೇಕು.

ರೇಡಿನ ಸ್ಥಿತಿ ತೋರಿಸುವ ಲಿನಕ್ಸಿನ ಎಂಡಿಸ್ಟ್ಯಾಟ್ ಫೈಲಿನಲ್ಲಿ ನಾಲ್ಕು ‘ಯು’ ಸಾಲಾಗಿದ್ದರೆ ಕ್ಷೇಮ. ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ಆ ಡಿಸ್ಕ್ ಕೈಕೊಟ್ಟಿದೆ; ಗಾಬರಿಯಲ್ಲಿ ಡಿಸ್ಕ್ ಟ್ರೇ ಎಳೆಯಬೇಡಿ. ಒಂದು ಡಿಸ್ಕ್ ಸತ್ತ ರೇಡ್ 5ರಲ್ಲಿ ಚೆನ್ನಾಗಿರುವ ಇನ್ನೊಂದನ್ನು ಎಳೆದರೆ ಅರೇ, ಅಂದರೆ ಇಡೀ ಡಿಸ್ಕ್ ಗುಂಪು, ಅಲ್ಲೇ ನಿಂತುಬಿಡುತ್ತದೆ. ಯಾವ ಟ್ರೇಯಲ್ಲಿ ಯಾವ ಡಿಸ್ಕೆಂದು ತಿಳಿಯಲು ಸೀರಿಯಲ್ ನಂಬರನ್ನು ಮೊದಲ ದಿನವೇ ಟ್ರೇ ಮುಂದೆ ಚೀಟಿ ಬರೆದು ಅಂಟಿಸಿರಿ.