ಒಂದುಗಳನ್ನು ಎಣಿಸಲು ಬಾರದ ಚಿಪ್

"ಅಂಕಲ್, ಎಸ್.ಪಿ. ರೋಡ್ ಅಂಗಡಿಯಲ್ಲಿ ಇದನ್ನ ಬಿಟ್ಟು ಹೊಸದು ತಗೊಳ್ಳಿ ಅಂದ್ರು. ನಿಜವಾಗ್ಲೂ ಇದರ ಕಾಲ ಮುಗೀತಾ?"

ಕೆಳಗಿನ ಮನೆಯ ಹುಡುಗಿ ಬಿ.ಕಾಂ. ಓದುತ್ತಿದ್ದಾಳೆ. ಅವಳ ಕೈಯಲ್ಲಿದ್ದದ್ದು ಸೋದರಮಾವ 2016ರಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್ 6ನೇ ಜನರೇಶನ್ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್ ಎಲ್ಲವೂ ಅದರಲ್ಲಿ ಚೆನ್ನಾಗೇ ನಡೆಯುತ್ತಿದ್ದವು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಹೋದರೆ, ಈ ಕಂಪ್ಯೂಟರ್‌ಗೆ ಅದು ಆಗದು ಎಂಬ ಸಂದೇಶ ಬರುತ್ತದೆ.

ಈ ಸಂದೇಶ ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಆಗದು ಎನ್ನುವುದಕ್ಕೆ ಒಂದೇ ಅರ್ಥ ಇಲ್ಲ. ಯಂತ್ರಕ್ಕೆ ನಿಜವಾಗಿ ಶಕ್ತಿ ಇಲ್ಲದಿರುವುದು ಬೇರೆ, ಅದರ ಹೆಸರು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿ ಇಲ್ಲದಿರುವುದು ಬೇರೆ. ಯಾವುದು ಎಂದು ತಿಳಿಯದೆ ಜನ ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುತ್ತಾರೆ.

ವಿಂಡೋಸ್ 11 ಏನೇನು ಕೇಳುತ್ತದೆ ಎಂದು ಅವಳ ಎದುರಿಗೇ ಒಂದೊಂದಾಗಿ ನೋಡಿದೆವು. ಮೊದಲು ಟಿಪಿಎಂ 2.0. ಇದು ಗುಟ್ಟಿನ ಕೀಲಿಗಳನ್ನು ಇಟ್ಟುಕೊಳ್ಳುವ ಪುಟ್ಟ ಭದ್ರತಾ ಚಿಪ್. ಕೆಲವು ಯಂತ್ರಗಳಲ್ಲಿ ಬೇರೆ ಚಿಪ್ಪಾಗಿರುತ್ತದೆ, ಕೆಲವದರಲ್ಲಿ ಪ್ರೊಸೆಸರ್ ಜೊತೆಗೇ ಸೇರಿರುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಒಂದರ ಹಿಂದೆ ಒಂದು ಪ್ರೋಗ್ರಾಂ ಏಳುತ್ತದಲ್ವಾ, ಪ್ರತಿಯೊಂದರ ಗುರುತನ್ನೂ ಟಿಪಿಎಂ ಬರೆದಿಟ್ಟುಕೊಳ್ಳುತ್ತದೆ. ಗುರುತುಗಳು ಮೊದಲಿನಂತೆಯೇ ಇದ್ದರೆ ಮಾತ್ರ ಡಿಸ್ಕ್‌ನ ಬೀಗ ತೆಗೆಯುವ ಕೀಲಿ ಕೊಡುತ್ತದೆ. ನಡುವೆ ಯಾರೋ ಕೈಯಾಡಿಸಿದ್ದರೆ ಕೊಡುವುದಿಲ್ಲ. ಅವಳ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ ಇತ್ತು. ವಿಂಡೋಸ್‌ಗಿಂತ ಮೊದಲೇ ಏಳುವ ಬಯೋಸ್‌ನ ಸೆಟ್ಟಿಂಗ್‌ನಲ್ಲಿ ಆಫ್ ಆಗಿತ್ತು, ಅಷ್ಟೇ. ಆನ್ ಮಾಡಿದೆವು. ಆನ್ ಆಗುವಾಗ ಸಹಿ ಇಲ್ಲದ ಪ್ರೋಗ್ರಾಂ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಕೂಡ ಹಾಗೇ ಸಿಕ್ಕಿತು.

ಉಳಿದದ್ದು ಪ್ರೊಸೆಸರ್. ಇಂಟೆಲ್‌ನದ್ದಾದರೆ 8ನೇ ಜನರೇಶನ್‌ನಿಂದ ಮೇಲಿನವು, 7ನೆಯದರಲ್ಲಿ ಬೆರಳೆಣಿಕೆಯವು ಮಾತ್ರ ಪಟ್ಟಿಯಲ್ಲಿವೆ. ಇದಕ್ಕೆ ಕಾರಣವೇ ಇಲ್ಲ ಎನ್ನುವಂತಿಲ್ಲ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲಿದೆ. ಸಿಸ್ಟಂನ ಒಳಮನೆಯಾದ ಕರ್ನಲ್‌ನಲ್ಲಿ ಪರೀಕ್ಷೆ ಆಗದ ಕೋಡ್ ಓಡದಂತೆ ಅದು ತಡೆಯುತ್ತದೆ. ಮೆಮೊರಿಯ ಈ ಪುಟದ ಕೋಡ್ ಸಾಮಾನ್ಯ ಪ್ರೋಗ್ರಾಂಗೆ ಓಡಬಹುದು, ಕರ್ನಲ್‌ನಲ್ಲಿ ಓಡಬಾರದು ಎಂದು ಬೇರ್ಪಡಿಸುವ ಸೌಲಭ್ಯ ಇಂಟೆಲ್‌ನಲ್ಲಿ 7ನೇ ಜನರೇಶನ್‌ನಿಂದ ಚಿಪ್‌ನಲ್ಲೇ ಬಂತು. ಅದಕ್ಕೂ ಹಳೆಯದರಲ್ಲಿ ಅದೇ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು, ವೇಗ ಕಡಿಮೆಯಾಗುತ್ತದೆ. ಇಲ್ಲಿಯವರೆಗೆ ಒಪ್ಪುವ ಮಾತೇ. ಆದರೆ ಸೌಲಭ್ಯ ಇರುವ 7ನೇ ಜನರೇಶನ್‌ನ ಬಹುಪಾಲು ಹೊರಗಿದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯಲ್ಲಿ ಅಂಥದೇ ಸೌಲಭ್ಯ ಬಂದದ್ದು ಝೆನ್ 2 ಎಂಬ ತಲೆಮಾರಿನ ಚಿಪ್‌ಗಳಲ್ಲಿ, ಅದಕ್ಕಿಂತ ಹಿಂದಿನ ರೈಜನ್ 2000 ಸರಣಿಯ ಹಲವು ಚಿಪ್‌ಗಳು ಪಟ್ಟಿಯ ಒಳಗಿವೆ! ಅಂದರೆ ಈ ಗೆರೆಯನ್ನು ಪೂರ್ತಿ ಚಿಪ್ ಎಳೆದದ್ದಲ್ಲ, ಒಂದಷ್ಟು ಕಂಪನಿಯ ತೀರ್ಮಾನವೂ ಸೇರಿದೆ. ಅದನ್ನು ಬಳಕೆದಾರರಿಗೆ ಹಾಗೇ ಬಿಡಿಸಿ ಹೇಳಬೇಕಿತ್ತು.

ಸರಿ, ನಿಜವಾದ ಅಶಕ್ತಿ ಹೇಗಿರುತ್ತದೆ? ಅದನ್ನೂ ಅವಳಿಗೆ ತೋರಿಸಿದೆ. ನಮ್ಮ ಮನೆಯಲ್ಲೇ ಅಪ್ಪನ ಹಳೇ ಡೆಸ್ಕ್‌ಟಾಪ್ ಇದೆ, ಅದರ ಪ್ರೊಸೆಸರ್ ಇಂಟೆಲ್‌ನ ಕೋರ್ 2 ಡುಯೋ. ವಿಂಡೋಸ್ 11ರ ಮೊದಲ ಆವೃತ್ತಿಗಳನ್ನು ತಪಾಸಣೆ ತಪ್ಪಿಸಿ ಹಾಕಿದರೆ ಅದು ನಿಧಾನಕ್ಕಾದರೂ ನಡೆಸುತ್ತಿತ್ತು. 2024ರಲ್ಲಿ ಬಂದ 24ಎಚ್2 ಎಂಬ ಆವೃತ್ತಿ ಹಾಕಿದೆ. ಲೋಗೋ ಬಂತು, ಹೋಯಿತು, ಮತ್ತೆ ಬಂತು. ರೀಸ್ಟಾರ್ಟ್ ಮೇಲೆ ರೀಸ್ಟಾರ್ಟ್.

ಕಾರಣ ಪಾಪ್‌ಕೌಂಟ್ ಎಂಬ ಒಂದು ಆದೇಶ. 181 ಎಂಬ ಸಂಖ್ಯೆ ಕಂಪ್ಯೂಟರ್ ಒಳಗೆ 10110101 ಆಗಿರುತ್ತದೆ. ಇದರಲ್ಲಿ ಒಂದುಗಳು ಎಷ್ಟು? ಐದು. ಪಾಪ್‌ಕೌಂಟ್ ಮಾಡುವುದು ಇಷ್ಟೇ. ಇದರಿಂದ ಏನು ಉಪಯೋಗ ಅನ್ನಿಸಬಹುದು. ಮೆಜೆಸ್ಟಿಕ್‌ನ ಲಾಡ್ಜ್ ಒಂದರಲ್ಲಿ ಕೌಂಟರ್ ಹಿಂದೆ ಕೀ ನೇತುಹಾಕುವ ಹಲಗೆ ನೆನೆಸಿಕೊಳ್ಳಿ. 64 ಮೊಳೆ. ಕೀ ಇದ್ದರೆ ರೂಮು ಖಾಲಿ, ಅಂದರೆ 1. ಇಲ್ಲದಿದ್ದರೆ 0. ಎಷ್ಟು ರೂಮು ಖಾಲಿ ಎಂದು ಗಿರಾಕಿ ಕೇಳಿದರೆ ಮೊಳೆ ಮೊಳೆ ಎಣಿಸಬೇಕು. ಆಪರೇಟಿಂಗ್ ಸಿಸ್ಟಂ ಕೂಡ ಹೀಗೇ ಸೊನ್ನೆ ಒಂದುಗಳ ಸಾಲಿನಲ್ಲಿ ಲೆಕ್ಕ ಇಡುವುದುಂಟು. ಪಾಪ್‌ಕೌಂಟ್ ಇರುವ ಚಿಪ್ 64 ಮೊಳೆಗಳನ್ನೂ ಒಂದೇ ಆದೇಶದಲ್ಲಿ ಎಣಿಸಿಬಿಡುತ್ತದೆ. ಇಂಟೆಲ್ ಇದನ್ನು 2008ರ ಕೊನೆಗೆ ಬಂದ ಮೊದಲ ಕೋರ್ ಐ7ನಲ್ಲಿ ತಂದಿತು. ಅಪ್ಪನ ಕೋರ್ 2 ಡುಯೋಗೆ ಈ ಪದವೇ ಗೊತ್ತಿಲ್ಲ. 24ಎಚ್2ರ ಒಳಗಿನ ಕೋಡ್ ಈ ಪದವನ್ನು ಬಳಸುತ್ತದೆ. ಗೊತ್ತಿಲ್ಲದ ಪದ ಕಂಡ ಕೂಡಲೇ ಪ್ರೊಸೆಸರ್ ತಪ್ಪು ಎಂದು ಕೂಗುತ್ತದೆ, ಸಿಸ್ಟಂ ಏಳುವ ಮೊದಲೇ ಬೀಳುತ್ತದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಸಿಲಿಕಾನ್‌ನಲ್ಲಿ ಇಲ್ಲದ ತಂತಿ ಬಂದು ಕೂರುವುದಿಲ್ಲ.

ಇನ್ನೊಂದು ಬಗೆಯ ಬೀಗವನ್ನೂ ಹೇಳಲೇಬೇಕು. 2006ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಿಗೆ ಇಂಟೆಲ್ ಚಿಪ್ ಹಾಕಿತು. ಆಗ ಸಾಮಾನ್ಯ ಪಿಸಿಗೂ ಮ್ಯಾಕ್‌ಗೂ ಒಳಗಿನ ಭಾಷೆ ಒಂದೇ ಆಯಿತು. ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ ಆದ ಮ್ಯಾಕ್ಓಎಸ್ ಅನ್ನು ಜನ ಸಾಮಾನ್ಯ ಪಿಸಿಗೆ ಹಾಕಿಕೊಳ್ಳದಂತೆ ತಡೆಯಲು ಆಪಲ್ ಇಟ್ಟದ್ದು 64 ಅಕ್ಷರಗಳ ಒಂದು ವಾಕ್ಯ. ನಮ್ಮ ದುಡಿಮೆಯನ್ನು ಈ ಮಾತುಗಳು ಕಾಯುತ್ತಿವೆ, ದಯವಿಟ್ಟು ಕದಿಯಬೇಡಿ ಎಂಬರ್ಥದ್ದು. ಫ್ಯಾನ್, ಉಷ್ಣತೆ ನೋಡಿಕೊಳ್ಳುವ ಚಿಪ್‌ನಲ್ಲಿ ಅದನ್ನು ಇಟ್ಟರು. ಫೈಲುಗಳನ್ನು ತೋರಿಸುವ ಫೈಂಡರ್‌ನಂಥ ಪ್ರೋಗ್ರಾಂಗಳಿಗೆ ಬೀಗ ಹಾಕಿ, ಈ ವಾಕ್ಯವನ್ನೇ ಕೀಲಿ ಮಾಡಿದರು. ಹ್ಯಾಕಿಂಟಾಷ್, ಅಂದರೆ ಮ್ಯಾಕ್ಓಎಸ್ ಓಡಿಸುವ ಸಾಮಾನ್ಯ ಪಿಸಿ, ಮಾಡುವವರು ಆ ಚಿಪ್‌ನಂತೆ ನಟಿಸುವ ಸಾಫ್ಟ್‌ವೇರ್ ಬರೆದರು. ಜಾಣತನದ ಕೆಲಸ, ನಿಜ. ಆದರೆ ಮ್ಯಾಕ್ಓಎಸ್‌ನ ಲೈಸೆನ್ಸ್ ಆಪಲ್ ಯಂತ್ರಗಳಿಗೆ ಮಾತ್ರ ಅನ್ನುತ್ತದೆ. ಅಂಥ ಪಿಸಿಗಳನ್ನು ಮಾರುತ್ತಿದ್ದ ಸೈಸ್ಟಾರ್ ಎಂಬ ಕಂಪನಿಯನ್ನು 2009ರಲ್ಲಿ ಅಮೆರಿಕದ ಕೋರ್ಟು ತಡೆಯಿತು. 2020ರಿಂದ ಆಪಲ್ ತನ್ನದೇ ಚಿಪ್‌ಗೆ ಹೊರಳಿದೆ. 2025ರ ತಾಹೋ ಆವೃತ್ತಿಯೇ ಇಂಟೆಲ್‌ಗೆ ಕೊನೆಯದು. ಕಾಗದದ ಮೇಲಿದ್ದ ಬೇಲಿ ಹೀಗೆ ಸಿಲಿಕಾನ್‌ನ ಬೇಲಿಯಾಯಿತು.

ಮತ್ತೆ ಅವಳ ಲ್ಯಾಪ್‌ಟಾಪ್‌ಗೆ ಬರೋಣ. ಫೈಲುಗಳನ್ನೆಲ್ಲ ಮೊದಲು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಸಿದೆ. ಇದನ್ನು ಬಿಟ್ಟು ಯಾರೂ ಮುಂದಕ್ಕೆ ಹೋಗಬೇಡಿ. ಡಿಸ್ಕ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನೂ ಬರೆದಿಟ್ಟುಕೊಳ್ಳಿ, ಬಯೋಸ್ ಮುಟ್ಟಿದ ಮೇಲೆ ಅದು ಕೇಳಬಹುದು. ಆಮೇಲೆ ರೂಫಸ್ ಎಂಬ ಪುಟ್ಟ ಪ್ರೋಗ್ರಾಂನಿಂದ, ತಪಾಸಣೆ ತಪ್ಪಿಸುವ ಪೆನ್‌ಡ್ರೈವ್ ಮಾಡಿದೆವು. ಮುಕ್ಕಾಲು ಗಂಟೆಯಲ್ಲಿ ವಿಂಡೋಸ್ 11 ಎದ್ದು ಕೂತಿತು. ವೈಫೈ, ಸೌಂಡ್ ಸರಿಯಾಗಿದ್ದವು. ಟಚ್‌ಪ್ಯಾಡ್‌ಗೆ ಮಾತ್ರ ವಿಂಡೋಸ್ 10ರ ಡ್ರೈವರ್ ಹುಡುಕಿ ಹಾಕಬೇಕಾಯಿತು.

ಇದಕ್ಕೆ ಬೆಲೆಯೂ ಇದೆ, ಅವಳಿಗೆ ಮುಚ್ಚಿಡಲಿಲ್ಲ. ಇಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂದು ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವರ್ಷದ ದೊಡ್ಡ ಅಪ್‌ಡೇಟನ್ನು ನಾವೇ ಹಾಕಬೇಕು. ಅಪಾಯ ಬೇಡ ಅಂದಿದ್ದರೆ ವಿಂಡೋಸ್ 10ರಲ್ಲೇ ಉಳಿದು, 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಬಹುದಿತ್ತು. ಅದನ್ನೂ ಹೇಳಿದೆ. ಯೋಚಿಸಿ ಇದನ್ನೇ ಆರಿಸಿಕೊಂಡಳು.

ಪೆನ್‌ಡ್ರೈವ್ ವಾಪಸ್ ಕೊಡುವಾಗ ಕೇಳಿದಳು. "ಇದರ ಚಿಪ್‌ಗೆ ಒಂದುಗಳನ್ನ ಎಣಿಸೋಕೆ ಬರುತ್ತಾ ಅಂಕಲ್?"

"ಬರುತ್ತೆ."

"ಹಾಗಾದ್ರೆ ಈ ಪೆನ್‌ಡ್ರೈವ್ ನನ್ನ ಹತ್ರನೇ ಇರ್ಲಿ. ಮುಂದಿನ ಸಲ ನಾನೇ ಹಾಕ್ತೀನಿ."