ವಿಸಿಟಿಂಗ್ ಕಾರ್ಡ್ ಡಿಜಿಟಲ್ ಆಯ್ತು, ಲಿಂಕ್ ಯಾರ ಹೆಸರಲ್ಲಿದೆ?

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಂಪನಿಯ ಕಂಪ್ಯೂಟರ್, ಮೇಲ್, ನೆಟ್‌ವರ್ಕ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಅಲ್ಲಿನ ಮಾಲೀಕರು ಒಂದು ದಿನ ಬೆಳಿಗ್ಗೆ ಫೋನ್ ಮಾಡಿದರು. "ಸಾರ್, ನಮ್ಮ ಬ್ರೋಷರ್ ಮೇಲಿರೋ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಬೇರೆ ಕಂಪನಿ ಕಾರ್ಡ್ ಬರ್ತಿದೆ. ಯಾರೋ ಹ್ಯಾಕ್ ಮಾಡಿದಾರೆ ಅನ್ಸುತ್ತೆ, ಸ್ವಲ್ಪ ನೋಡಿ."

ಹ್ಯಾಕ್ ಏನೂ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಅವರ ಸೇಲ್ಸ್ ಹುಡುಗನೊಬ್ಬ ತನ್ನ ಸ್ವಂತ ಜಿಮೇಲ್ ಐಡಿ ಕೊಟ್ಟು ಒಂದು ಫ್ರೀ ಡಿಜಿಟಲ್ ಕಾರ್ಡ್, ಅಂದರೆ ತನ್ನ ಹೆಸರು, ನಂಬರ್, ಕಂಪನಿ ತೋರಿಸುವ ಒಂದು ವೆಬ್ ಪುಟ, ಮಾಡಿಕೊಂಡಿದ್ದ. ನೋಡೋಕೆ ಚೆನ್ನಾಗಿತ್ತು. ಮಾಲೀಕರಿಗೂ ಇಷ್ಟವಾಗಿ ಅದರ ಕ್ಯೂಆರನ್ನೇ ಬ್ರೋಷರ್‌ಗೆ ಹಾಕಿಸಿದರು, ಪ್ಯಾಕಿಂಗ್ ಡಬ್ಬದ ಸ್ಟಿಕ್ಕರ್‌ಗೂ ಹಾಕಿಸಿದರು. ಆಮೇಲೆ ಹುಡುಗ ಕೆಲಸ ಬಿಟ್ಟ, ಅದೇ ಲೈನಿನ ಇನ್ನೊಂದು ಕಂಪನಿ ಸೇರಿದ, ತನ್ನ ಕಾರ್ಡಿನಲ್ಲಿ ಕಂಪನಿ ಹೆಸರು ಬದಲಾಯಿಸಿದ. ಇದರಲ್ಲಿ ಅವನ ತಪ್ಪೇನಿದೆ? ಕಾರ್ಡ್ ಅವನದ್ದೇ ಆಗಿತ್ತು. ಇವರ ದುಡ್ಡಿನಲ್ಲಿ ಪ್ರಿಂಟಾದ ಬ್ರೋಷರ್ ಹಿಡಿದ ಗಿರಾಕಿ ಮಾತ್ರ ಸೀದಾ ಎದುರಾಳಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ.

ಟೀಮಿಗೆ ಡಿಜಿಟಲ್ ಕಾರ್ಡ್ ಬೇಕು, ಯಾವುದು ತಗೊಳ್ಳೋಣ ಅಂತ ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಮೊದಲು ಹೇಳುವುದು. ಎಲ್ಲರೂ ಡಿಸೈನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕಾರ್ಡ್ ಮುಟ್ಟಿಸಿದರೆ ಸಾಕು ನಂಬರ್ ಹೋಗುತ್ತದೆ ಅನ್ನುವ ಡೆಮೊ ನೋಡಿ ಖುಷಿಯಾಗುತ್ತಾರೆ. ಒಬ್ಬರಿಗೆ ಅದು ಸಾಕು. ಇಪ್ಪತ್ತು ಜನರಿಗೆ ತಗೊಳ್ಳುವಾಗ ಸೇರುವುದು ಹೇಗೆ ಅನ್ನುವುದಕ್ಕಿಂತ ಬಿಡುವುದು ಹೇಗೆ ಅಂತ ನೋಡಬೇಕು. ಕೆಲಸದವರು ನಿಮ್ಮನ್ನು ಬಿಟ್ಟಾಗ ಏನಾಗುತ್ತದೆ, ಕಾರ್ಡ್ ಮಾಡಿಕೊಡುವ ಆನ್‌ಲೈನ್ ಸೇವೆಯನ್ನು, ಅಂದರೆ ಪ್ಲಾಟ್‌ಫಾರ್ಮನ್ನು, ನೀವೇ ಬಿಟ್ಟಾಗ ಏನಾಗುತ್ತದೆ, ಇವೆರಡೇ.

ಕ್ಯೂಆರ್ ಒಳಗೆ ಏನಿರುತ್ತದೆ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಎರಡು ಥರ ಇದೆ. ಸ್ಟ್ಯಾಟಿಕ್ ಕ್ಯೂಆರ್‌ನಲ್ಲಿ ಹೆಸರು, ನಂಬರ್, ಮೇಲ್ ಎಲ್ಲವನ್ನೂ ಆ ಕಪ್ಪು ಬಿಳುಪು ಚೌಕಗಳೊಳಗೇ ತುಂಬಿಸಿರುತ್ತಾರೆ. ವಿಕಾರ್ಡ್ ಅಂತ ಅದಕ್ಕೆ ಒಂದು ನಮೂನೆ ಇದೆ, ಫೋನಿನಲ್ಲಿ ವಿಸಿಎಫ್ ಫೈಲ್ ಅಂತ ಕಾಣಿಸುತ್ತದಲ್ಲ, ಅದೇ. ಇದನ್ನು ಓದಲು ಇಂಟರ್‌ನೆಟ್ ಬೇಡ, ಯಾರಿಗೂ ಬಾಡಿಗೆ ಕೊಡಬೇಕಿಲ್ಲ, ಆದರೆ ಪ್ರಿಂಟಾದ ಮೇಲೆ ಒಂದು ಅಂಕಿ ತಿದ್ದುವ ಹಾಗೂ ಇಲ್ಲ. ಡೈನಾಮಿಕ್ ಕ್ಯೂಆರ್‌ನಲ್ಲಿ ಬರೀ ಒಂದು ವೆಬ್ ವಿಳಾಸ ಇರುತ್ತದೆ. ಆ ವಿಳಾಸ ಪ್ಲಾಟ್‌ಫಾರ್ಮಿನವರ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ನಿಮ್ಮ ಪುಟ ತೆರೆಯುತ್ತದೆ. ಬೇಕಾದಾಗ ಬದಲಾಯಿಸಬಹುದು, ಎಷ್ಟು ಜನ ನೋಡಿದರು ಅಂತ ಲೆಕ್ಕವೂ ಸಿಗುತ್ತದೆ. ಆದರೆ ಅದು ಬಾಡಿಗೆ ಮನೆ. ಓನರ್ ಬಾಗಿಲು ಹಾಕಿದರೆ ನಿಮ್ಮ ಗಿರಾಕಿಯೂ ಹೊರಗೇ ನಿಲ್ಲಬೇಕು.

ದೊಡ್ಡವರನ್ನು ನಂಬಿದರೆ ಆಯ್ತಲ್ಲ ಅನ್ನುವವರಿಗೆ ಗೂಗಲ್‌ನದ್ದೇ ಉದಾಹರಣೆ ಇದೆ. ಅವರ ಗೂ ಡಾಟ್ ಜಿಎಲ್ ಅನ್ನುವ ಲಿಂಕ್ ಚಿಕ್ಕದು ಮಾಡುವ ಸೇವೆ 2019ರಲ್ಲಿ ಹೊಸ ಲಿಂಕ್ ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಹಳೆಯ ಲಿಂಕ್‌ಗಳೂ ಬಂದ್ ಎಂದರು. ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ, ಬಳಕೆಯಲ್ಲಿರುವವನ್ನು ಮಾತ್ರ ಉಳಿಸುತ್ತೇವೆ ಎಂದರು. ಗೂಗಲ್‌ನಂಥವರೇ ಹೀಗೆ ಮಾಡುವಾಗ ನಿನ್ನೆ ಮೊನ್ನೆ ಹುಟ್ಟಿದ ಕಾರ್ಡ್ ಕಂಪನಿಯ ಲಿಂಕನ್ನು ಹತ್ತು ವರ್ಷ ಬಾಳುವ ಯಂತ್ರದ ಮೇಲೆ ಅಂಟಿಸುವುದು ಧೈರ್ಯದ ಕೆಲಸವೇ ಸರಿ.

ಅದಕ್ಕೆ ನಾನು ಮಾಡುವ ಉಪಾಯ ಸರಳ. ಕ್ಯೂಆರ್‌ನಲ್ಲಿ ಪ್ಲಾಟ್‌ಫಾರ್ಮಿನ ವಿಳಾಸ ಹಾಕುವುದೇ ಇಲ್ಲ. ಕಂಪನಿಯ ಸ್ವಂತ ವೆಬ್‌ಸೈಟ್ ಇದ್ದೇ ಇರುತ್ತದಲ್ವಾ, ಅದರ ಕೆಳಗೆ ಒಬ್ಬೊಬ್ಬರಿಗೂ ಒಂದು ಚಿಕ್ಕ ವಿಳಾಸ ಮಾಡಿ, ಅಲ್ಲಿಗೆ ಬಂದವರನ್ನು ಪ್ಲಾಟ್‌ಫಾರ್ಮಿನ ಕಾರ್ಡಿಗೆ ಕಳಿಸುತ್ತೇನೆ. ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನಿಗೆ ರೀಡೈರೆಕ್ಟ್ ಹಾಕು ಅಂದರೆ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾನೆ. ನಾಳೆ ಪ್ಲಾಟ್‌ಫಾರ್ಮ್ ಬದಲಾದರೂ ಪ್ರಿಂಟಾದ ಕ್ಯೂಆರ್ ಹಾಗೇ ಇರುತ್ತದೆ, ದಾರಿ ಮಾತ್ರ ಬೇರೆ ಕಡೆ ತಿರುಗಿಸಿದರೆ ಆಯಿತು. ಕೆಲವು ಪ್ಲಾಟ್‌ಫಾರ್ಮಿನವರು ನಿಮ್ಮ ಡೊಮೇನನ್ನೇ (ವೆಬ್‌ಸೈಟಿನ ಹೆಸರು) ಅವರ ಸರ್ವರ್‌ಗೆ ಜೋಡಿಸಿ ಕೊಡುತ್ತಾರೆ, ಹೆಚ್ಚಾಗಿ ದುಬಾರಿ ಪ್ಲಾನ್‌ನಲ್ಲಿ. ಅದೂ ಒಳ್ಳೆಯದೇ. ಆದರೆ ಡೊಮೇನ್ ಆದಮೇಲೆ ಬರುವ ಗೋಜಲು ಅಕ್ಷರಗಳು ಅವರದ್ದೇ ಆಗಿರುತ್ತವೆ, ಬಿಟ್ಟು ಹೋಗುವ ದಿನ ಒಂದೊಂದಕ್ಕೂ ದಾರಿ ಬರೆಯಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳಿ.

ಮುಟ್ಟಿಸುವ ಕಾರ್ಡಿಗೂ ಇದೇ ಮಾತು. ಅದರೊಳಗೆ ಎನ್‌ಎಫ್‌ಸಿ ಚಿಪ್ ಇರುತ್ತದೆ, ಫೋನ್ ಹತ್ತಿರ ಹಿಡಿದರೆ ಅದನ್ನು ಓದುತ್ತದೆ. ಹೆಚ್ಚಾಗಿ ಬಳಸುವ ಎನ್‌ಟ್ಯಾಗ್ 213 ಚಿಪ್‌ನಲ್ಲಿ ಬಳಕೆಗೆ ಸಿಗುವ ಜಾಗ 144 ಬೈಟ್ ಮಾತ್ರ, ಅಂದರೆ ಒಂದು ವಿಳಾಸಕ್ಕೆ ಸಾಕು, ನಿಮ್ಮ ಫೋಟೊ ಅದರೊಳಗಿಲ್ಲ. ಈ ಚಿಪ್ ಲಾಕ್ ಮಾಡದೆ ಬಿಟ್ಟರೆ ಯಾರು ಬೇಕಾದರೂ ಫೋನಿನಿಂದಲೇ ಅದರಲ್ಲಿ ಬೇರೆ ವಿಳಾಸ ಬರೆಯಬಹುದು. ಲಾಕ್ ಮಾಡಿದರೆ ಮತ್ತೆ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಸ್ವಂತ ಡೊಮೇನಿನ ವಿಳಾಸ ಬರೆದು ಆಮೇಲೆ ಲಾಕ್ ಮಾಡಿ. ಪ್ಲಾಟ್‌ಫಾರ್ಮಿನವರೇ ಅವರ ವಿಳಾಸ ಬರೆದು ಲಾಕ್ ಮಾಡಿ ಕಳಿಸಿದ ಕಾರ್ಡ್ ಇದೆ ಅಂದರೆ, ಚಂದಾ ನಿಲ್ಲಿಸಿದ ದಿನ ಅದು ಡ್ರಾಯರ್ ತುಂಬುವ ಪ್ಲಾಸ್ಟಿಕ್.

ಅಷ್ಟಕ್ಕೂ ನಮ್ಮಲ್ಲಿ ಮುಟ್ಟಿಸುವ ಕಾರ್ಡ್ ಎಷ್ಟು ಉಪಯೋಗ? 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗಿನ ಐಫೋನ್‌ಗಳು ಯಾವ ಆ್ಯಪ್ ಇಲ್ಲದೆ ಓದುತ್ತವೆ. ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಎನ್‌ಎಫ್‌ಸಿಯೇ ಇಲ್ಲ, ಇದ್ದರೂ ಆಫ್ ಆಗಿರುತ್ತದೆ. ನಿಮ್ಮ ಗಿರಾಕಿಗಳು ವೈಟ್‌ಫೀಲ್ಡ್‌ನ ಐಟಿಯವರಾದರೆ ಸರಿ. ದಾವಣಗೆರೆ, ಗದಗದ ಡೀಲರ್‌ಗಳಾದರೆ ಸುಮ್ನೆ ಫೋನ್ ಬೆನ್ನಿಗೆ ಕಾರ್ಡ್ ಉಜ್ಜುತ್ತಾ ನಿಲ್ಲಬೇಕಾಗುತ್ತದೆ. ಕ್ಯೂಆರ್ ಮಾತ್ರ ಯುಪಿಐ ಪುಣ್ಯದಿಂದ ಎಳನೀರು ಅಂಗಡಿಯವರಿಗೂ ಗೊತ್ತು. ಅದರಲ್ಲೂ ಒಂದು ತಾಪತ್ರಯ ಇದೆ. ಕ್ಯೂಆರ್ ಕಂಡ ಕೂಡಲೇ ಜನ ಪೇಮೆಂಟ್ ಆ್ಯಪ್ ತೆರೆದು ಸ್ಕ್ಯಾನ್ ಮಾಡುತ್ತಾರೆ, ಅದು ಇದು ಸರಿಯಿಲ್ಲ ಅನ್ನುತ್ತದೆ, "ನಿಮ್ದು ವರ್ಕ್ ಆಗ್ತಿಲ್ಲ" ಅಂತ ಅವರು ಫೋನ್ ಜೇಬಿಗೆ ಹಾಕುತ್ತಾರೆ. ಈಗ ನಾನು ಎಲ್ಲ ಕಡೆ ಕ್ಯೂಆರ್ ಕೆಳಗೆ "ಫೋನ್ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ" ಅಂತ ಒಂದು ಸಾಲು ಹಾಕಿಸುತ್ತೇನೆ.

ಕ್ಯೂಆರ್ ಮಧ್ಯೆ ದೊಡ್ಡ ಲೋಗೊ ಬೇಕು ಅನ್ನುವವರೂ ಇದ್ದಾರೆ. ಕ್ಯೂಆರ್‌ನ ಒಂದು ಭಾಗ ಹಾಳಾದರೂ ಓದಲು ಬರುವಂತೆ ವ್ಯವಸ್ಥೆ ಇದೆ, ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು 30 ಶೇಕಡ. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನವರು ಇದನ್ನು ಮಾಡಿದ್ದೇ ವಾಹನದ ಬಿಡಿಭಾಗಗಳ ಲೆಕ್ಕ ಇಡಲು, ಎಣ್ಣೆ ಕೊಳೆಯ ನಡುವೆ ಓದಲು. ಲೋಗೊ ಹಾಕಿದರೆ ಆ ಪಾಲನ್ನು ಲೋಗೊವೇ ತಿಂದುಬಿಡುತ್ತದೆ. ವರ್ಕ್‌ಶಾಪಿನ ಗ್ರೀಸ್‌ಗೆ ಏನು ಉಳಿಯಿತು?

ಇನ್ನು ಪ್ರದರ್ಶನದ ಹಾಲ್. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಐಎಂಟೆಕ್ಸ್ ಯಂತ್ರ ಮೇಳ ನಡೆಯುವಾಗ ಹೋಗಿದ್ದವರಿಗೆ ಗೊತ್ತು, ಅಷ್ಟು ಜನ ಸೇರಿದರೆ ಫೋನಿಗೆ ನೆಟ್ ಸಿಗುವುದೇ ಕಷ್ಟ. ಕಾರ್ಡಿನ ಪುಟ ಸುತ್ತುತ್ತಾ ಕೂರುತ್ತದೆ, ಗಿರಾಕಿ ಮುಂದಿನ ಸ್ಟಾಲ್‌ಗೆ ಹೋಗಿರುತ್ತಾನೆ. ಇದಕ್ಕಾಗಿ ಪ್ರತಿಯೊಬ್ಬರ ಫೋನಿನ ಗ್ಯಾಲರಿಯಲ್ಲಿ ಒಂದು ಸ್ಟ್ಯಾಟಿಕ್ ಕ್ಯೂಆರ್ ಇಡಿಸುತ್ತೇನೆ. ಹೆಸರು, ಕಂಪನಿ, ನಂಬರ್, ಮೇಲ್, ಇಷ್ಟೇ. ಆಫೀಸಿನ ವಿಳಾಸ, ಹುದ್ದೆ ಎಲ್ಲ ತುಂಬಿಸಿದರೆ ಚೌಕಗಳು ಸಾಸಿವೆಯಷ್ಟು ಸಣ್ಣದಾಗುತ್ತವೆ. ಕನ್ನಡದಲ್ಲಿ ತುಂಬಿಸಿದರೆ ಇನ್ನೂ ದಟ್ಟ. ಯಾಕಂದರೆ ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ "ಕ"ಗೆ ಮೂರು ಬೇಕು, "ಕ್ಷ" ಅಂದರೆ ಒಂಬತ್ತು.

ಕನ್ನಡದ ವಿಷಯ ಬಂತಲ್ಲ, ಡೆಮೊ ದಿನ "ಜ್ಞಾನೇಶ್ವರಿ" ಅಂತಲೋ "ಕೃಷ್ಣಮೂರ್ತಿ" ಅಂತಲೋ ಹೆಸರು ಕೊಟ್ಟು ನೋಡಿ. ವೆಬ್ ಪುಟದಲ್ಲಿ ಸರಿಯಾಗಿ ಬರುತ್ತದೆ. ಪಿಡಿಎಫ್ ಅಥವಾ ಚಿತ್ರವಾಗಿ ಇಳಿಸಿದಾಗ ಒತ್ತಕ್ಷರ ಬಿಡಿಸಿಕೊಂಡು ಪಕ್ಕಕ್ಕೆ ಬಿದ್ದಿರುವುದನ್ನು ನಾನು ಒಂದಕ್ಕಿಂತ ಜಾಸ್ತಿ ಕಡೆ ನೋಡಿದ್ದೇನೆ. ಪುಟದಲ್ಲಿ ಕನ್ನಡ ಇರಲಿ, ಖಂಡಿತ ಇರಲಿ. ಆದರೆ ಫೋನಿನಲ್ಲಿ ಸೇವ್ ಆಗುವ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ವಾಸಿ ಅಂತ ನನ್ನ ಅನುಭವ. ಆರು ತಿಂಗಳ ಮೇಲೆ ಗಿರಾಕಿ ಹುಡುಕುವಾಗ ಟೈಪ್ ಮಾಡುವುದು ಇಂಗ್ಲಿಷ್‌ನಲ್ಲೇ, ಕನ್ನಡದಲ್ಲಿ ಸೇವ್ ಆದ ಹೆಸರು ಆಗ ಸಿಗದೇ ಹೋಗಬಹುದು. ಇದಕ್ಕೆ ಬೈಯುವವರು ಬೈಯಲಿ.

ಈಗ ಕೆಲಸ ಬಿಡುವವರ ವಿಷಯ. ಪ್ಲಾಟ್‌ಫಾರ್ಮ್ ಮಾರುವವರು ಹೊಸ ಕಾರ್ಡ್ ಎಷ್ಟು ಬೇಗ ಮಾಡಬಹುದು ಅಂತ ತೋರಿಸುತ್ತಾರೆ. ನೀವು ಒಬ್ಬರನ್ನು ತೆಗೆದು ಹಾಕಿ ತೋರಿಸಿ ಅನ್ನಿ. ಆ ಕ್ಷಣದಿಂದ ಅವರ ಲಿಂಕ್ ತೆರೆದರೆ ಏನು ಬರುತ್ತದೆ? ಪುಟ ಇಲ್ಲ ಅಂತಲಾ, ಅವರ ಜಾಗಕ್ಕೆ ಬಂದವರ ಕಾರ್ಡಾ? ಅವರು ಎರಡು ವರ್ಷ ಸೇರಿಸಿದ ಗಿರಾಕಿಗಳ ನಂಬರ್ ಕಂಪನಿ ಖಾತೆಯಲ್ಲಿ ಉಳಿಯುತ್ತದಾ, ಅವರ ಜೊತೆಗೇ ಅಳಿಸಿ ಹೋಗುತ್ತದಾ? ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳಲು ಯಾವ ಪ್ಲಾನ್ ಬೇಕು? ಈ ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೆ ಕಾಫಿ ಕುಡಿಸಿ ಕಳಿಸಬಹುದು.

ಐವತ್ತಕ್ಕಿಂತ ಜಾಸ್ತಿ ಜನ ಇದ್ದರೆ ಕಂಪನಿ ಮೇಲ್ ನಡೆಸುವ ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365ಕ್ಕೆ ಜೋಡಿಸುವ ವ್ಯವಸ್ಥೆ ಕೇಳಿ. ಎಚ್‌ಆರ್‌ನವರು ಮೇಲ್ ಐಡಿ ಬಂದ್ ಮಾಡಿದರೆ ಕಾರ್ಡೂ ತಾನಾಗಿ ಬಂದ್ ಆಗಬೇಕು. ಇದನ್ನು ಬಹಳ ಕಡೆ ಮೇಲಿನ ಪ್ಲಾನಿಗೆ ಕಟ್ಟಿ ಇಟ್ಟಿರುತ್ತಾರೆ, ಅದರ ಬೆಲೆ ಹಿಡಿದೇ ಲೆಕ್ಕ ಹಾಕಿ. ಹದಿನೈದು ಜನಕ್ಕೆ ಇದು ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಹಾಗೇ ಯಾವುದನ್ನು ನೌಕರರು ತಿದ್ದಬಹುದು, ಯಾವುದನ್ನು ತಿದ್ದಬಾರದು ಅಂತ ಬೀಗ ಹಾಕುವ ಸೌಲಭ್ಯ ಇರಲೇಬೇಕು. ಒಂದು ಕಡೆ ಇದಿಲ್ಲದೆ ಬಿಟ್ಟಿದ್ದಕ್ಕೆ ಒಂದೇ ವಾರದಲ್ಲಿ ಮೂವರು ತಮಗೆ ತಾವೇ ಬಡ್ತಿ ಕೊಟ್ಟುಕೊಂಡಿದ್ದರು. ಒಬ್ಬನ ಫೋಟೊ ಗೋವಾ ಬೀಚಿನದು, ಕೂಲಿಂಗ್ ಗ್ಲಾಸ್ ಸಮೇತ.

ಕಾರ್ಡ್ ತೆರೆದ ಕೂಡಲೇ "ಮೊದಲು ನಿಮ್ಮ ನಂಬರ್ ಕೊಡಿ" ಅಂತ ಅಡ್ಡ ಬರುವ ಫಾರ್ಮ್ ಇರುತ್ತದಲ್ಲ, ಅದನ್ನು ನಾನು ಆಫ್ ಮಾಡಿಸುತ್ತೇನೆ. ಕಾರ್ಡ್ ಕೊಡಲು ಹೋಗಿ ಕಾರ್ಡ್ ಕೇಳಿದ ಹಾಗೆ ಅದು. ಹಾಕಲೇಬೇಕೆಂದರೆ ಪುಟದ ಕೆಳಗೆ ಇರಲಿ, ಯಾತಕ್ಕೆ ತಗೊಳ್ಳುತ್ತೀರಿ ಅಂತ ಬರೆದಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಅದರ ಪ್ರಕಾರ ಆ ಮಾಹಿತಿಗೆ ಜವಾಬ್ದಾರರು ಅದನ್ನು ಕೇಳಿ ಪಡೆದ ನೀವು. ಪ್ಲಾಟ್‌ಫಾರ್ಮಿನವರು ನಿಮ್ಮ ಪರವಾಗಿ ಇಟ್ಟುಕೊಂಡವರು ಅಷ್ಟೇ. ಸರಿಯಾದ ಭದ್ರತೆ ಇಲ್ಲದೆ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಬಹಳಷ್ಟು ಪ್ಲಾಟ್‌ಫಾರ್ಮ್‌ಗಳ ಬೆಲೆ ಡಾಲರ್‌ನಲ್ಲಿ, ತಲೆಗೆ ಇಷ್ಟು ಅಂತ. ವರ್ಷಕ್ಕೊಮ್ಮೆ ದುಡ್ಡು ತಾನಾಗಿ ಕಟ್ ಆಗಲಿ ಅಂತ ಕ್ರೆಡಿಟ್ ಕಾರ್ಡ್ ಕೊಟ್ಟು ಮರೆತುಬಿಡಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಪಾವತಿ 15,000 ರೂಪಾಯಿ ದಾಟಿದರೆ ಪ್ರತಿ ಸಲ ಒಟಿಪಿ ಬೇಕು. ನನ್ನ ಒಬ್ಬ ಗಿರಾಕಿಯಲ್ಲಿ ಆ ಒಟಿಪಿ ಅಕೌಂಟೆಂಟ್ ಫೋನಿಗೆ ಹೋಗುತ್ತಿತ್ತು, ಅವರು ಆಗ ಮನೆಯವರ ಜೊತೆ ಧರ್ಮಸ್ಥಳದಲ್ಲಿದ್ದರು. ಮೂರು ದಿನ ಅರವತ್ತು ಜನರ ಕಾರ್ಡ್ ಖಾಲಿ ಪುಟ. ಹೊರದೇಶದ ಬಿಲ್ ಆದರೆ ಜಿಎಸ್‌ಟಿಯನ್ನು ನೀವೇ ಕಟ್ಟಬೇಕಾಗಬಹುದು, ನಿಮ್ಮ ಆಡಿಟರ್‌ನ ಮೊದಲೇ ಕೇಳಿ.

ಹೆಸರು ಹೇಳಿ ಅಂತ ಕೇಳುತ್ತಾರೆ. ಹಾಯ್‌ಹಲೋ, ಪಾಪಲ್, ಬ್ಲಿಂಕ್ ಇವೆ (ಹತ್ತು ನಿಮಿಷಕ್ಕೆ ಹಾಲು ತರುವವರಲ್ಲ, ಇದು ಆಸ್ಟ್ರೇಲಿಯಾದ್ದು). ಬೆಂಗಳೂರಲ್ಲಿ ಬೀಕನ್‌ಸ್ಟ್ಯಾಕ್ ಅಂತ ಇದ್ದದ್ದು 2023ರಲ್ಲಿ ಯೂನಿಕೋಡ್ ಅಂತ ಹೆಸರು ಬದಲಾಯಿಸಿಕೊಂಡಿದೆ, ನಮ್ಮ ಕನ್ನಡ ಟೈಪಿಂಗಿನ ಯೂನಿಕೋಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಪ್ಲಾನ್, ಬೆಲೆ ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಒಂದನ್ನೇ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಎರಡನ್ನು ಆರಿಸಿ, ನಾಲ್ಕು ಜನರಿಗೆ ಎರಡು ವಾರ ಕೊಟ್ಟು ನೋಡಿ. ಆ ನಾಲ್ವರಲ್ಲಿ ಒಬ್ಬರು ಹಳೇ ಆಂಡ್ರಾಯ್ಡ್ ಫೋನ್ ಇರುವ ಸರ್ವಿಸ್ ಎಂಜಿನಿಯರ್ ಆಗಿರಲಿ. ನಿಮ್ಮದು ಆರೇಳು ಜನರ ಟೀಮ್, ವರ್ಷಾನುಗಟ್ಟಲೆ ಅವರೇ ಇದ್ದಾರೆ ಅಂದರೆ ಇದ್ಯಾವುದೂ ಬೇಡ. ನಿಮ್ಮ ವೆಬ್‌ಸೈಟಿನಲ್ಲೇ ಒಬ್ಬೊಬ್ಬರಿಗೆ ಒಂದು ಪುಟ ಮಾಡಿ, ವಿಸಿಎಫ್ ಫೈಲ್ ಹಾಕಿ, ವಾಟ್ಸ್ಆ್ಯಪ್ ಬಟನ್ ಇಡಿ. ಅದರ ಲಿಂಕ್‌ನಲ್ಲಿ ನಂಬರ್ ಮುಂದೆ ಪ್ಲಸ್ ಇಲ್ಲದೆ ಬರೀ 91 ಇರಬೇಕು, ಸೊನ್ನೆ ಸೇರಿಸಿದರೆ ಕೆಲಸ ಮಾಡುವುದಿಲ್ಲ.

ಪೀಣ್ಯದವರ ಕಥೆ ಹೇಳಿ ಮುಗಿಸುತ್ತೇನೆ. ಆ ಹುಡುಗನಿಗೆ ಮಾಲೀಕರೇ ಫೋನ್ ಮಾಡಿದರು. "ಅಣ್ಣ, ನಂಗೆ ಗೊತ್ತೇ ಇರ್ಲಿಲ್ಲ, ಅದಕ್ಕೇ ಇಷ್ಟೊಂದು ಎನ್‌ಕ್ವೈರಿ ಬರ್ತಿತ್ತು" ಅಂದನಂತೆ. ಹಳೇ ಕಾರ್ಡ್ ಅವನೇ ಅಳಿಸಿದ. ಉಳಿದ ಬ್ರೋಷರ್‌ಗಳ ಮೇಲೆ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು ಎರಡು ದಿನ ಕೂತು ಹೊಸ ಕ್ಯೂಆರ್ ಅಂಟಿಸಿದರು, ಈ ಸಲ ಕಂಪನಿಯದ್ದೇ ವಿಳಾಸ. ಈಗಾಗಲೇ ಹೋದ ಡಬ್ಬಗಳದ್ದು ಹಾಗೇ ಉಳಿದಿದೆ. ಕೊಯಮತ್ತೂರಿನಿಂದ ಯಾರೋ ಕಳೆದ ತಿಂಗಳು ಸ್ಕ್ಯಾನ್ ಮಾಡಿ, ಪುಟ ಸಿಗದೆ, ಡಬ್ಬದ ಮೇಲಿದ್ದ ಲ್ಯಾಂಡ್‌ಲೈನ್ ನಂಬರಿಗೆ ಫೋನ್ ಮಾಡಿದ್ದರಂತೆ.