ಪ್ಲೀಸ್, ಅದು ಮಲಗಿದೆ ಅಂತ ಮಾತ್ರ ಮಗುಗೆ ಹೇಳ್ಬೇಡಿ

ನಾನು ಕೆಲಸ ಮಾಡೋದು ಒಂದು ಚಿಕ್ಕ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ನಾಲ್ಕು ರೂಮು, ಒಂದು ವರಾಂಡ, ಅಷ್ಟೇ. ಸ್ಪೆಸಿಮೆನ್‌ಗಳ, ಅಂದ್ರೆ ಕೆಡದ ಹಾಗೆ ಇಟ್ಟಿರೋ ಸತ್ತ ಪ್ರಾಣಿಗಳ, ಧೂಳು ತೆಗೆಯೋದೂ ನಾನೇ, ಬಂದ ಮಕ್ಕಳನ್ನ ಸುತ್ತಾಡಿಸೋದೂ ನಾನೇ. ವರಾಂಡ ದಾಟಿ ಒಳಗೆ ಬಂದ ತಕ್ಷಣ ಸಿಗೋದು ಸ್ಟಫ್ ಮಾಡಿದ ಚಿರತೆ ಇರೋ ಗಾಜಿನ ಕಪಾಟು, ಚಿಕ್ಕ ಮಕ್ಕಳೆಲ್ಲ ಅಲ್ಲೇ ನಿಂತುಬಿಡ್ತಾರೆ, ನಿಂತು ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಇದು ನಿಜಾನಾ?" ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳದ ಮಗೂನ ನಾನು ನೋಡಿದ್ದು ಕಮ್ಮಿ. ಅದಕ್ಕೆ ಅಪ್ಪ ಅಮ್ಮ ಕೊಡೋ ಉತ್ತರಾನೂ ಎರಡೇ ಎರಡು. ಒಂದು "ಇಲ್ಲ ಪುಟ್ಟಾ, ಬೊಂಬೆ ಅದು", ಇನ್ನೊಂದು "ಶ್, ಮಲಗಿದೆ, ಗಲಾಟೆ ಮಾಡಿದ್ರೆ ಎದ್ಬಿಡುತ್ತೆ." ಎರಡೂ ತಪ್ಪು. ಎರಡನೇದಂತೂ ಕೇಳಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತೆ.

ಒಂದ್ಸಲ ಸುಮಾರು ನಾಲ್ಕು ವರ್ಷದ ಹುಡುಗ ಬಂದಿದ್ದ. ಅಪ್ಪ ಪಾಪ ಒಳ್ಳೇ ಮನುಷ್ಯ, ಮಗ ಓಡಾಡಿ ಏನಾದ್ರೂ ಬೀಳಿಸ್ತಾನೆ ಅನ್ನೋ ಭಯದಲ್ಲಿ ಮಲಗಿರೋ ಚಿರತೆ ಕಥೆ ಹೇಳಿದ್ರು. ಆ ಮಗು ಚಿರತೆಯ ಕಣ್ಣು ನೋಡ್ತು, ಕಣ್ಣು ತೆರೆದೇ ಇದೆ. ಮತ್ತೆ ಅಪ್ಪನ ಮುಖ ನೋಡ್ತು. ಮಲಗಿರೋದು ಅಂದ್ರೆ ಕಣ್ಣು ಮುಚ್ಚಿರಬೇಕು ಅಂತ ನಾಲ್ಕು ವರ್ಷದ ಮಗುಗೂ ಗೊತ್ತು, ಅಪ್ಪ ಸುಳ್ಳು ಹೇಳಲ್ಲ ಅಂತಾನೂ ಗೊತ್ತು, ಹಾಗಾದ್ರೆ ಉಳಿದಿದ್ದು ಒಂದೇ, ಕಣ್ಣು ಬಿಟ್ಕೊಂಡೇ ಮಲಗಿರೋ, ಯಾವಾಗ ಬೇಕಾದ್ರೂ ಹಾರಬಹುದಾದ ಪ್ರಾಣಿ. ಅಪ್ಪನ ಪ್ಯಾಂಟು ಹಿಡ್ಕೊಂಡು ಮುಖ ಮುಚ್ಚಿಕೊಂಡ, ಮುಂದಿನ ರೂಮಿಗೆ ಕಾಲೇ ಇಡ್ಲಿಲ್ಲ. ಹತ್ತು ನಿಮಿಷಕ್ಕೆ ಅವರ ಮ್ಯೂಸಿಯಂ ಭೇಟಿ ಮುಗೀತು.

ನಾನು ಮಕ್ಕಳ ಮನಃಶಾಸ್ತ್ರ ಓದಿದವಳಲ್ಲ, ಆದ್ರೆ ಇಷ್ಟು ಹೇಳಬಲ್ಲೆ. ಸಾವು ಅಂದ್ರೆ ವಾಪಸ್ ಬರೋಕಾಗಲ್ಲ, ದೇಹ ಕೆಲಸ ನಿಲ್ಸುತ್ತೆ, ಎಲ್ಲ ಜೀವಕ್ಕೂ ಅದು ಇದೆ ಅನ್ನೋದು ಬಹಳಷ್ಟು ಮಕ್ಕಳಿಗೆ ಸುಮಾರು ಐದರಿಂದ ಏಳು ವರ್ಷದ ಹೊತ್ತಿಗೆ ಅರ್ಥ ಆಗ್ತಾ ಬರುತ್ತೆ, ಒಬ್ಬೊಬ್ಬರಿಗೆ ಸ್ವಲ್ಪ ಹಿಂದೆ ಮುಂದೆ. ಅದಕ್ಕಿಂತ ಚಿಕ್ಕ ಮಗುಗೆ ನೀವು ಸಾವನ್ನ ನಿದ್ದೆ ಅಂತ ಕರೆದ್ರೆ ಅದು ಸಾವನ್ನ ಮರೆಯಲ್ಲ, ನಿದ್ದೆಗೆ ಹೆದರುತ್ತೆ. ಒಬ್ಬ ತಾಯಿ ಬಂದು ಹೋದ ವಾರದ ಮೇಲೆ ನಮಗೆ ಫೋನ್ ಮಾಡಿದ್ರು, ಮಗಳು ರಾತ್ರಿ ಲೈಟ್ ಆರಿಸೋಕೆ ಬಿಡ್ತಿಲ್ಲ, ನಾನು ಮಲಗಿದ್ರೆ ನನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಾ ಅಂತ ಕೇಳ್ತಿದಾಳೆ, ಏನು ಹೇಳ್ಲಿ ಅಂತ. ಎಲ್ಲ ಮಕ್ಕಳಿಗೂ ಹೀಗಾಗುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ನಿಮ್ಮ ಮನೇಲಿ ಇತ್ತೀಚೆಗೆ ಯಾರಾದ್ರೂ ತೀರಿಕೊಂಡಿದ್ರೆ, ಇಲ್ಲಾ ಸಾಕಿದ ನಾಯಿನೋ ಬೆಕ್ಕೋ ಹೋಗಿದ್ರೆ, ಬರೋಕೆ ಮುಂಚೆ ಸ್ವಲ್ಪ ಯೋಚನೆ ಮಾಡಿ, ಮಗು ಆಗಲೇ ಆ ವಿಷಯದಲ್ಲಿ ತುಂಬ ಒದ್ದಾಡ್ತಿದ್ರೆ ಮಕ್ಕಳ ಡಾಕ್ಟರ್ ಹತ್ರ ಮಾತಾಡಿ ಬನ್ನಿ.

ಸರಿ, ಹಾಗಾದ್ರೆ ಬೊಂಬೆ ಅಂದ್ರೆ ಏನು ತಪ್ಪು? ಭಯಾನೂ ಇಲ್ವಲ್ಲ ಅಂತಾರೆ. ಭಯ ಇಲ್ಲ ನಿಜ, ಆದ್ರೆ ಆಸಕ್ತೀನೂ ಅಲ್ಲೇ ಹೋಯ್ತು. ಬೊಂಬೆ ಮನೇಲೂ ಇದೆ. ಬೊಂಬೆ ಅಂದ ಮರುಕ್ಷಣ ಮಗು ಗಾಜು ಬಡಿಯೋಕೆ ಶುರು ಮಾಡುತ್ತೆ, ಬೊಂಬೆನ ಹೊಡೀಬಹುದಲ್ವಾ. ಅದಕ್ಕಿಂತ ಹೆಚ್ಚಾಗಿ ಅದು ನಿಜ ಅಲ್ಲ. ಆ ಚಿರತೆ ಒಂದು ಕಾಲದಲ್ಲಿ ಮರ ಹತ್ತಿದೆ, ಬೇಟೆ ಆಡಿದೆ, ಅದರ ಎಡಗಿವಿ ತುದಿಯಲ್ಲಿ ಸಣ್ಣ ಹರಿದ ಗಾಯ ಇದೆ, ಆ ಗಾಯ ಅದು ಬದುಕಿದ್ದಾಗ ಆಗಿ ವಾಸಿಯಾಗಿರೋದು. ಇಷ್ಟು ಹತ್ತಿರದಿಂದ ಒಂದು ಚಿರತೆಯ ಮೀಸೆ ನೋಡೋ ಅವಕಾಶ ಆ ಮಗುಗೆ ಇನ್ನೆಲ್ಲಿ ಸಿಗುತ್ತೆ ಹೇಳಿ?

ನಾನು ದಿನಕ್ಕೆ ಹತ್ತು ಸಲ ಹೇಳೋದನ್ನ ಇಲ್ಲಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ಸ್ಟಫ್ ಮಾಡಿದ ಪ್ರಾಣಿಯಲ್ಲಿ ಚರ್ಮ ನಿಜ. ಕೂದಲು ನಿಜ, ಉಗುರು ಸಾಮಾನ್ಯವಾಗಿ ನಿಜ, ಹಕ್ಕಿಯಾದ್ರೆ ಪುಕ್ಕ, ಕೊಕ್ಕು, ಕಾಲು ನಿಜ. ಕಣ್ಣು ಗಾಜು. ಒಳಗಡೆ ಮಾಂಸ ಇಲ್ಲ, ಕರುಳು ಇಲ್ಲ, ರಕ್ತ ಇಲ್ಲ. ಪ್ರಾಣಿ ಸತ್ತ ಮೇಲೆ ಅಳತೆ ತಗೊಂಡು, ಚರ್ಮ ಬಿಡಿಸಿ ಹದ ಮಾಡಿ, ಅದೇ ಅಳತೆಗೆ ಒಳಗಿನ ಆಕಾರ ತಯಾರು ಮಾಡ್ತಾರೆ, ಹಿಂದೆಲ್ಲ ತಂತಿ, ಮರದ ನಾರು, ಪ್ಲಾಸ್ಟರ್ ಬಳಸ್ತಿದ್ರು, ಈಗ ಹೆಚ್ಚಾಗಿ ಫೋಮು, ಅದರ ಮೇಲೆ ಚರ್ಮಾನ ಅಂಗಿ ತೊಡಿಸಿದ ಹಾಗೆ ತೊಡಿಸಿ ಹೊಲೀತಾರೆ. ಮೂಗು ಒದ್ದೆ ಇದ್ದ ಹಾಗೆ ಕಾಣೋದು ವಾರ್ನಿಷ್. ಬಾಯೊಳಗಿನ ನಾಲಿಗೆ ಮೇಣದ್ದೋ ಇನ್ಯಾವುದರದ್ದೋ ಮಾಡಿ ಬಣ್ಣ ಹಚ್ಚಿದ್ದು. ಮಗುಗೆ ಇಷ್ಟೆಲ್ಲ ಬೇಡ, ಒಂದೇ ವಾಕ್ಯ ಸಾಕು: "ಇದು ಸತ್ತು ಹೋಗಿದೆ ಕಂದಾ, ಚರ್ಮ ನಿಜದ್ದು, ಕಣ್ಣು ಗಾಜಿಂದು, ಇದಕ್ಕೆ ಈಗ ನೋವಾಗಲ್ಲ, ಇದು ಎದ್ದೂ ಬರಲ್ಲ." ಎಲ್ಲರ ಗಂಟಲಲ್ಲಿ ಸಿಕ್ಕಿಕೊಳ್ಳೋದು ಆ "ಸತ್ತು" ಅನ್ನೋ ಪದ. ದೊಡ್ಡವರಿಗೆ ಕಷ್ಟ ಆಗುತ್ತೆ, ಮಕ್ಕಳಿಗೆ ಅಷ್ಟು ಕಷ್ಟ ಆಗಲ್ಲ, ಅವರು ಕೇಳ್ಕೊಂಡು ಮುಂದಿನ ಪ್ರಶ್ನೆಗೆ ಹೋಗ್ತಾರೆ.

ಒಬ್ಬ ಅಜ್ಜಿ ಇದನ್ನ ನನಗಿಂತ ಚೆನ್ನಾಗಿ ಮಾಡಿದ್ರು. ಮೊಮ್ಮಗಳು ಮುಂಗುಸಿ ಮುಂದೆ ನಿಂತು ಕೇಳಿದ್ದಕ್ಕೆ "ಸತ್ತೋಗಿದೆ ಮಗಾ, ನೋಡ್ಲಿ ಅಂತ ಚರ್ಮ ಇಟ್ಟಿದಾರೆ" ಅಂದ್ರು. ಹುಡುಗಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನೆಲದ ಮೇಲೆ ಕೂತು ತಲೆ ಓರೆ ಮಾಡಿ ಮುಂಗುಸಿಯ ಹೊಟ್ಟೆ ಕೆಳಗೆ ನೋಡೋಕೆ ಶುರು ಮಾಡಿದ್ಲು. "ಅಜ್ಜಿ, ಹೊಲಿಗೆ!" ಅಂತ ಕೂಗಿದ್ಲು. ಹೌದು, ಅಲ್ಲಿ ಹೊಲಿಗೆ ಇದೆ, ಕೂದಲಿನ ನಡುವೆ ಸಣ್ಣ ಗೀಟು, ನಿಂತುಕೊಂಡು ನೋಡೋ ದೊಡ್ಡವರಿಗೆ ಕಾಣೋದೇ ಇಲ್ಲ. ಆವತ್ತಿಂದ ನಾನು ಎಲ್ಲ ಮಕ್ಕಳಿಗೂ ಹೇಳೋದು, ಹೊಲಿಗೆ ಎಲ್ಲಿದೆ ಹುಡುಕಿ ಅಂತ. ಐದು ವರ್ಷದ ಮಗು ಒಂದೇ ಪ್ರಾಣಿ ಮುಂದೆ ಹದಿನೈದು ನಿಮಿಷ ಕೂತಿದ್ದನ್ನ ನೋಡಿದೀನಿ.

ತಪ್ಪು ಮಾಡಿರೋ ಸ್ಪೆಸಿಮೆನ್ ಕೂಡ ತೋರಿಸಿ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಒಂದು ವಾಲ್ರಸ್, ಅಂದ್ರೆ ಉದ್ದ ಕೋರೆಹಲ್ಲಿನ ದೊಡ್ಡ ಕಡಲಪ್ರಾಣಿ, ಇದೆ, ನೂರು ವರ್ಷಕ್ಕಿಂತ ಹಳೇದು. ಅದನ್ನ ಸ್ಟಫ್ ಮಾಡಿದವರಿಗೆ ಬದುಕಿರೋ ವಾಲ್ರಸ್ ಹೇಗಿರುತ್ತೆ ಅಂತ ಗೊತ್ತಿರ್ಲಿಲ್ಲ, ಅದರ ಚರ್ಮ ಸುಕ್ಕು ಸುಕ್ಕಾಗಿ ಜೋತಾಡಬೇಕು ಅನ್ನೋದು ತಿಳೀದೆ ಸುಕ್ಕೆಲ್ಲ ಹೋಗೋ ತನಕ ತುಂಬಿಬಿಟ್ರು, ಇವತ್ತಿಗೂ ಬಲೂನಿನ ಹಾಗೆ ಉಬ್ಬಿಕೊಂಡು ನಿಂತಿದೆ. ಚರ್ಮ ಪೂರ್ತಿ ನಿಜ, ಆಕಾರ ಮಾತ್ರ ಮನುಷ್ಯರ ಊಹೆ. ಇದನ್ನ ಹೇಳಿದ್ರೆ "ಒಳಗಡೆ ಮಾಡಿದ್ದು" ಅನ್ನೋ ಮಾತು ಮಕ್ಕಳಿಗೆ ತಟ್ಟನೆ ಹೊಳೆಯುತ್ತೆ.

ಈಗ ಪಕ್ಕದ ರೂಮಿಗೆ ಬಂದ್ರೆ ಉತ್ತರ ಬದಲಾಗುತ್ತೆ, ಗೊಂದಲ ಆಗೋದೇ ಇಲ್ಲಿ. ಜಾಡಿಯಲ್ಲಿರೋ ಹಾವು, ಕಪ್ಪೆ, ಮೀನು ಇವೆಲ್ಲ ಇಡೀ ನಿಜದ ದೇಹ, ಒಳಗೂ ಹೊರಗೂ. ಅದು ನೀರಲ್ಲ, ಸಾಮಾನ್ಯವಾಗಿ ಮೊದಲು ದೇಹ ಕೊಳೆಯದ ಹಾಗೆ ತಡೆಯೋ ಫಾರ್ಮಲಿನ್ ದ್ರಾವಣದಲ್ಲಿಟ್ಟು ಆಮೇಲೆ ಸುಮಾರು ಶೇಕಡಾ 70ರ ಆಲ್ಕೋಹಾಲ್‌ಗೆ ಹಾಕಿರ್ತಾರೆ. ಹಾವು ಬಿಳಿಚಿಕೊಂಡಿರೋದು ಅದಕ್ಕೇ, ಬಣ್ಣ ದ್ರವದಲ್ಲಿ ಹೋಗಿರುತ್ತೆ. ನಮ್ಮಲ್ಲಿ ಒಂದು ಜಾಡಿ ಮುಂದೆ ನಿಂತು "ಬಿಳಿ ನಾಗರಹಾವು ನೋಡು" ಅಂತ ತೋರಿಸೋರು ತುಂಬ ಜನ, ಅದು ಬದುಕಿದ್ದಾಗ ಬಿಳಿ ಇರ್ಲಿಲ್ಲ. ಚಿಟ್ಟೆ, ಜೀರುಂಡೆ ಕೂಡ ಇಡೀ ನಿಜ, ಒಣಗಿಸಿ ಸೂಜಿ ಚುಚ್ಚಿದ್ದು. ಚಿಟ್ಟೆ ರೂಮು ಯಾಕಿಷ್ಟು ಕತ್ತಲೆ ಅಂತ ಬೈತಾರೆ, ಬೆಳಕು ಬಿದ್ದಷ್ಟೂ ಬಣ್ಣ ಮಾಸುತ್ತೆ ಸ್ವಾಮಿ, ಇಂಥವಕ್ಕೆ ಬೆಳಕು 50 ಲಕ್ಸ್ (ಬೆಳಕು ಅಳೆಯೋ ಮಾನ) ಮೀರಬಾರದು ಅನ್ನೋದು ನಾವು ಪಾಲಿಸೋ ಲೆಕ್ಕ. ಕಣ್ಣು ಒಗ್ಗೋಕೆ ಎರಡು ನಿಮಿಷ ಕೊಡಿ, ಕಾಣುತ್ತೆ. ಮಾರ್ಫೋ ಚಿಟ್ಟೆಯ ನೀಲಿ ಮಾತ್ರ ಎಷ್ಟು ಹಳೇದಾದ್ರೂ ಹೊಳೆಯುತ್ತೆ, ಯಾಕಂದ್ರೆ ಅದು ಹಚ್ಚಿದ ಬಣ್ಣದ ಥರ ಅಲ್ಲ, ರೆಕ್ಕೆ ಮೇಲಿನ ಹುರುಪೆಗಳ ರಚನೆಯೇ ನೀಲಿ ಬೆಳಕನ್ನ ವಾಪಸ್ ಕಳಿಸುತ್ತೆ. ಮಗೂನ ಎತ್ತಿಕೊಂಡು ಅದರ ಮುಂದೆ ಸ್ವಲ್ಪ ಎಡಕ್ಕೆ ಬಲಕ್ಕೆ ಓಡಾಡಿ, ನೀಲಿ ಬದಲಾಗೋದನ್ನ ಅದೇ ಕಂಡುಹಿಡಿಯುತ್ತೆ.

ಮೂಳೆ ರೂಮಿನಲ್ಲಿ ಮೂರನೇ ಉತ್ತರ. ಡೈನೋಸಾರ್ ಮೂಳೆ ಬಹುತೇಕ ಚಿಕ್ಕ ಮ್ಯೂಸಿಯಂಗಳಲ್ಲಿ ಅಚ್ಚು ತೆಗೆದು ಮಾಡಿದ ಪ್ರತಿ. ಲೇಬಲ್‌ನಲ್ಲಿ ಅದನ್ನ ಬರೆದಿರ್ತೀವಿ, ಅದನ್ನ ಓದಿ ಅಪ್ಪಂದಿರು ಮಗುವಿನ ಮುಂದೆ ಜೋರಾಗಿ "ಅಯ್ಯೋ, ಡೂಪ್ಲಿಕೇಟು!" ಅಂತಾರೆ, ಮಗುವಿನ ಮುಖ ಇಳಿದು ಹೋಗುತ್ತೆ. ದಯವಿಟ್ಟು ಹಾಗನ್ಬೇಡಿ. 1905ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ನಿಲ್ಲಿಸಿದ ಹೆಸರುವಾಸಿ ಡಿಪ್ಲೊಡೋಕಸ್ ಡೈನೋಸಾರ್, ಸುಮಾರು 26 ಮೀಟರ್ ಉದ್ದದ್ದು, ಅದೂ ಪ್ಲಾಸ್ಟರ್ ಅಚ್ಚೇ, ಮೂಲ ಮೂಳೆ ಇರೋದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರೋ ಸೂ ಅನ್ನೋ ಟಿ ರೆಕ್ಸ್‌ಗೆ ನಿಜವಾದ ತಲೆಬುರುಡೆ ಇದೆ, ಆದ್ರೆ ಭಾರ ಜಾಸ್ತಿ ಅಂತ ಅದನ್ನ ಬೇರೆ ಕಪಾಟಿನಲ್ಲಿ ಇಟ್ಟು ಅಸ್ಥಿಪಂಜರದ ಮೇಲೆ ಪ್ರತಿಯನ್ನ ಕೂರಿಸಿದಾರೆ. ಅಚ್ಚು ಅಂದ್ರೆ ಯಾರೋ ಮನಸ್ಸಿಗೆ ಬಂದ ಹಾಗೆ ಮಾಡಿದ್ದಲ್ಲ, ನಿಜದ ಮೂಳೆ ಮೇಲೆ ಅಚ್ಚು ಹಾಕಿ ತೆಗೆದಿದ್ದು, ಆ ಮೂಳೆಯ ಬಿರುಕೂ ಅದರಲ್ಲಿ ಬಂದಿರುತ್ತೆ. ಒದ್ದೆ ಮಣ್ಣಲ್ಲಿ ಕಾಲಿಟ್ಟಾಗ ಮೂಡೋ ಗುರುತು ಗೊತ್ತಲ್ವಾ, ಅದರಲ್ಲಿ ಪ್ಲಾಸ್ಟರ್ ಹುಯ್ದ ಹಾಗೆ ಅಂತ ಹೇಳಿ, ಮೂರು ವರ್ಷದ ಮಗುಗೂ ಅರ್ಥ ಆಗುತ್ತೆ. ಪೂರ್ತಿ ಊಹೆಯಲ್ಲಿ ಕಟ್ಟಿದ್ದು ಬೇರೆ, ಪುಕ್ಕ ಸಮೇತ ನಿಂತಿರೋ ಡೋಡೋ ಹಕ್ಕಿ ಎಲ್ಲಾದ್ರೂ ನೋಡಿದ್ರೆ ಅದು ಬೇರೆ ಹಕ್ಕಿಗಳ ಪುಕ್ಕ ಅಂಟಿಸಿ ಮಾಡಿದ ಮಾದರಿ, ಡೋಡೋದ ಅಂಥ ಚರ್ಮ ಜಗತ್ತಲ್ಲಿ ಎಲ್ಲೂ ಉಳಿದಿಲ್ಲ, ಆಕ್ಸ್‌ಫರ್ಡ್‌ನಲ್ಲಿ ತಲೆಯ ಸ್ವಲ್ಪ ಚರ್ಮ ಮಾತ್ರ ಇದೆ.

ಮುಟ್ಟಬೇಡಿ ಅನ್ನೋದರ ಬಗ್ಗೆ ಒಂದು ಮಾತು, ಯಾಕಂದ್ರೆ ಇದನ್ನ ಜನ ನಮ್ಮ ಸಿಡುಕು ಅಂದ್ಕೊಂಡಿದಾರೆ. 18ನೇ ಶತಮಾನದಲ್ಲಿ ಫ್ರಾನ್ಸ್‌ನ ಬೆಕೂರ್ ಅನ್ನೋರು ಆರ್ಸೆನಿಕ್ ಅನ್ನೋ ವಿಷ ಸೇರಿಸಿದ ಸೋಪು ಕಂಡುಹಿಡಿದ್ರು, ಚರ್ಮಕ್ಕೆ ಹುಳ ಬೀಳದ ಹಾಗೆ ಒಳಗಡೆ ಹಚ್ಚೋಕೆ. 20ನೇ ಶತಮಾನದಲ್ಲೂ ಬಹಳ ಕಾಲ ಅದನ್ನ ಬಳಸಿದಾರೆ. ಹಳೇ ಸ್ಪೆಸಿಮೆನ್‌ಗಳ ಕೂದಲಲ್ಲಿ, ಧೂಳಲ್ಲಿ ಅದು ಇನ್ನೂ ಇರಬಹುದು ಅಂದ್ಕೊಂಡೇ ನಾವು ಗ್ಲೌಸ್ ಹಾಕ್ಕೊಂಡು ಕೆಲಸ ಮಾಡ್ತೀವಿ. ಗಾಜಿನ ಆಚೆ ನಿಂತು ನೋಡೋಕೆ ಹೆದರಬೇಕಾಗಿಲ್ಲ, ಆದ್ರೆ ಗಾಜಿಲ್ಲದೆ ಹೊರಗಿಟ್ಟಿರೋ ಹಳೇ ಕಾಡುಕೋಣದ ತಲೇನ ಫೋಟೋಗೋಸ್ಕರ ಮಗು ಕೈಲಿ ಸವರಿಸಬೇಡಿ, ಮಕ್ಕಳ ಕೈ ನೇರ ಬಾಯಿಗೆ ಹೋಗುತ್ತೆ. ಮುಟ್ಟೋಕೆ ಅಂತಾನೇ ಬೇರೆ ಮೇಜು ಇರುತ್ತೆ, ಕೊಂಬು, ಚಿಪ್ಪು, ಮುಳ್ಳುಹಂದಿ ಮುಳ್ಳು, ಅಲ್ಲಿ ಎಷ್ಟು ಹೊತ್ತು ಬೇಕಾದ್ರೂ ಇರಿ, ಆಮೇಲೆ ಕೈ ತೊಳ್ಕೊಳ್ಳಿ. ತಿಂಡಿ ಒಳಗೆ ತರಬೇಡಿ ಅನ್ನೋದೂ ಅಷ್ಟೇ, ಬಿದ್ದ ಪುಡಿಗೆ ಹುಳ ಬರುತ್ತೆ, ಮ್ಯೂಸಿಯಂ ಬೀಟಲ್ ಅಂತಾನೇ ಹೆಸರಿರೋ ಜೀರುಂಡೆ ಇದೆ, ಅದರ ಮರಿಹುಳ ಒಂದು ಟ್ರೇ ಚಿಟ್ಟೆನ ಪುಡಿ ಮಾಡಿ ಹಾಕಿದ್ದನ್ನ ನಾನೇ ನೋಡಿದೀನಿ, ಸೂಜಿ ಮತ್ತೆ ಲೇಬಲ್ ಬಿಟ್ಟು ಏನೂ ಉಳಿದಿರ್ಲಿಲ್ಲ.

ಉಳಿದಿದ್ದೆಲ್ಲ ನಿಮಗೆ ಗೊತ್ತಿರೋದೇ. ಎಲ್ಲ ರೂಮು ನೋಡ್ಲೇಬೇಕು ಅಂತ ಎಳ್ಕೊಂಡು ಹೋಗ್ಬೇಡಿ, ಮಗು ಸುಸ್ತಾಗೋ ಮುಂಚೆ ಹೊರಡಿ.

ಒಂದು ಪ್ರಶ್ನೆಗೆ ಮಾತ್ರ ತಯಾರಾಗಿ ಬನ್ನಿ. ಸತ್ತಿದೆ ಅಂತ ಹೇಳಿದ ಮೇಲೆ ಸ್ವಲ್ಪ ದೊಡ್ಡ ಮಕ್ಕಳು "ಯಾರು ಕೊಂದಿದ್ದು?" ಅಂತ ಕೇಳ್ತಾರೆ. ಹಳೇ ಸ್ಪೆಸಿಮೆನ್‌ಗಳಲ್ಲಿ ಎಷ್ಟೋ ಬೇಟೆ ಆಡಿ ತಂದಿದ್ದು, ಅದನ್ನ ಮುಚ್ಚಿಡೋದು ಬೇಡ, "ಆಗಿನ ಕಾಲದಲ್ಲಿ ಗುಂಡು ಹೊಡೆದು ತಂದ್ರು, ಈಗ ಹಾಗೆ ಮಾಡಲ್ಲ" ಅನ್ನಿ. ಝೂನಲ್ಲಿ ವಯಸ್ಸಾಗಿ ಸತ್ತಿದ್ದು, ರಸ್ತೆಯಲ್ಲಿ ಗಾಡಿಗೆ ಸಿಕ್ಕಿದ್ದು ಕೂಡ ಇರುತ್ತೆ. ಯಾವುದು ಯಾವ ಥರ ಅಂತ ಗೊತ್ತಿಲ್ಲದಿದ್ರೆ ಕಥೆ ಕಟ್ಟಬೇಡಿ, ನಮ್ಮನ್ನ ಕೇಳಿ, ರಿಜಿಸ್ಟರ್‌ನಲ್ಲಿ ಬರೆದಿದ್ರೆ ತೆಗೆದು ತೋರಿಸ್ತೀವಿ, ಬರೆದಿಲ್ಲ ಅಂದ್ರೆ ಬರೆದಿಲ್ಲ ಅಂತಾನೇ ಹೇಳ್ತೀವಿ.

ಹೋದ ತಿಂಗಳು ಒಬ್ಬ ಹುಡುಗಿ ಕೇಳಿದ್ದು ಇನ್ನೂ ಬೇರೆ. "ಆಂಟಿ, ಕಣ್ಣು ಗಾಜಿಂದಾದ್ರೆ ಅದರ ಕಣ್ಣು ಎಲ್ಲಿ ಹೋಯ್ತು?" ಅವಳ ಅಮ್ಮ ಗಾಬರಿಯಾಗಿ ಅವಳ ಕೈ ಎಳೆದ್ರು. ಕಣ್ಣೊಳಗೆ ತುಂಬ ನೀರಿರುತ್ತೆ ಮರಿ, ಅದನ್ನ ಇಡೋಕಾಗಲ್ಲ, ಒಣಗಿ ಸುರುಟಿ ಹೋಗುತ್ತೆ, ಅದಕ್ಕೆ ತೆಗೆದುಬಿಡ್ತಾರೆ ಅಂದೆ. ಒಳಗಿಂದ ಕಣ್ಣಿನ ಡಬ್ಬಿ ತಂದು ತೋರಿಸ್ದೆ, ನಮ್ಮ ಹತ್ರ ರಿಪೇರಿಗೆ ಅಂತ ಇಟ್ಟಿರ್ತೀವಿ, ಹಿಂದಿನಿಂದ ಬಣ್ಣ ಹಚ್ಚಿದ ಅರ್ಧ ಗೋಲಿಗಳು, ಮೇಕೆಗೆ ಅಡ್ಡ ಗೀಟು, ಬೆಕ್ಕಿಗೆ ಉದ್ದ ಗೀಟು, ಚಿರತೆಗೆ ದುಂಡಗೆ. ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅಮ್ಮನ ಕಣ್ಣನ್ನ ತುಂಬ ಹೊತ್ತು ನೋಡಿದ್ಲು. ಆ ಡಬ್ಬಿ ಕೌಂಟರ್ ಹಿಂದಿನ ಡ್ರಾಯರ್‌ನಲ್ಲಿದೆ, ಕೇಳಿದ ಮಗುಗೆ ತೋರಿಸ್ತೀವಿ.